ಹಸಿಹಂದರ

ಹಿರೇಗಲ್ಲಿನ ಕೋಟೆಯ ಎರಡನೆಯ ಬಾಗಿಲು ದಾಟಿದರೆ ಸಿಗುವ ತೋಟಕ್ಕೆ ಹೊರಗಿನ ಫಲಕದಲ್ಲಿ ‘ಅರಮನೆ ಉದ್ಯಾನ’ ಎಂದು ಬರೆದಿದೆ. ಆ ಹೆಸರು ಫಲಕಕ್ಕಷ್ಟೇ ಗೊತ್ತು. ಊರವರ ಬಾಯಲ್ಲಿ ಅದು ಹಸಿಹಂದರ. ಲಗ್ನಪತ್ರಿಕೆಗಳಲ್ಲಿಯೂ ‘ಸ್ಥಳ: ಹಸಿಹಂದರ’ ಎಂದೇ ಅಚ್ಚಾಗುತ್ತದೆ, ವೈಶಾಖ ಬಂತೆಂದರೆ ಅಲ್ಲಿ ವಾಲಗ ನಿಲ್ಲುವುದೇ ಇಲ್ಲ. ಮದುವೆಯ ಹಂದರವೆಂದರೆ ಸಂಜೆಯೊಳಗೆ ಒಣಗುವಂಥದ್ದು. ಇದೊಂದು ಹಸಿಯಾಗಿ ಉಳಿದದ್ದು ಹೇಗೆಂದು ಕೇಳಿದರೆ ಹಿರಿಯರು ಬಾಳವ್ವನ ಹೆಸರು ಹೇಳುತ್ತಾರೆ.

ಹಿಂದೆ ಒಮ್ಮೆ, ಕೋಟೆ ದೇಸಾಯರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, ಹೂಗಾರರ ಬಾಳವ್ವ ಈ ತೋಟ ನೋಡಿಕೊಳ್ಳುತ್ತಿದ್ದಳಂತೆ. ದೇಸಾಯರ ಮನೆಯಾದ ವಾಡೆಯಲ್ಲಿ ನಡೆದ ಒಂದೊಂದು ಮದುವೆಗೂ ಮದುಮಕ್ಕಳ ಹೂದಂಡೆ ಕಟ್ಟಿದವಳು ಅವಳೇ. ಹೂ ಕೊಟ್ಟು ಹಿಂಬಾಗಿಲಿನಿಂದ ಮನೆಗೆ ಹೋದವಳೂ ಅವಳೇ. ಮಗಳು ಕಾಶವ್ವನಿಗೆ ಗಂಡು ಗೊತ್ತಾದಾಗ ಅವಳಿಗೆ ಒಂದೇ ಆಸೆ ಹುಟ್ಟಿತು: ತಾನು ನೀರೆರೆದು ಬೆಳೆಸಿದ ಹೂಗಳ ನಡುವೆಯೇ ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳಬೇಕು. ದಸರೆಯ ದಿನ ಬನ್ನಿ ಕೊಡುತ್ತಾ ಕೇಳಿದರೆ ದೊಡ್ಡವರು ಇಲ್ಲವೆನ್ನುವುದಿಲ್ಲ ಎಂದು ನಂಬಿ, ಅಂದೇ ಕೇಳಿದಳು. ದೇಸಾಯರು ಹೂಂ ಎಂದೂಬಿಟ್ಟರು. ಆದರೆ ಪಕ್ಕದಲ್ಲಿ ನಿಂತಿದ್ದ ಕಾರಭಾರಿ ತಮ್ಮಣ್ಣನಿಗೆ ಅದು ಹಿಡಿಸಲಿಲ್ಲ. ಹೂಗಾರರ ಮದುವೆ ಅರಮನೆಯ ತೋಟದಲ್ಲೆಂದರೇನು! ಅವನು ಒಡೆಯರ ಕಿವಿಯಲ್ಲಿ ಏನೋ ಉಸುರಿದ. ದೇಸಾಯರ ಮಾತಿಗೆ ಒಂದು ಷರತ್ತು ಸೇರಿತು.

“ಹಂದರದ ತಪ್ಪಲಾ ಬಾಡೂತನಕಾ ತೋಟಾ ನಿಮ್ಮದು, ಬಾಳವ್ವಾ. ಬಾಡಿತಂದ್ರ ಎದ್ದು ಹೋಗಬೇಕು ನೋಡು.”

ವೈಶಾಖದ ಬಿಸಿಲಿಗೆ ಕಡಿದು ತಂದ ಹಸಿರೆಲೆಯ ತಪ್ಪಲು ಎರಡು ತಾಸು ತಾಳದು. ಅಯ್ಯನವರು ತೆಗೆದುಕೊಟ್ಟ ಮುಹೂರ್ತವೋ ಗೋಧೂಳಿಯದು. ಬಾಳವ್ವ ಒಂದು ದಿನವಿಡೀ ಅತ್ತಳು. ಮರುದಿನ ಕಣ್ಣೊರೆಸಿಕೊಂಡು, ಕಾರಭಾರಿ ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂದುಕೊಂಡು ಬೇಲಿಯ ಕಡೆ ನಡೆದಳು. ಹಂದರಕ್ಕೆ ಮೊದಲು ನೆಡುವ ಹಾಲಗಂಬವನ್ನು ಮದುವೆಯ ಮುನ್ನಾದಿನ ಕಡಿದು ತರುವುದು ಎಲ್ಲರ ರೂಢಿ. ಅವಳು ಆರು ತಿಂಗಳು ಮೊದಲೇ ನೆಟ್ಟಳು, ಅದೂ ಒಂದಲ್ಲ, ಹಂದರದ ಅಳತೆಗೆ ನಾಲ್ಕು ಸಾಲಿನಲ್ಲಿ, ಬೇಲಿಯಿಂದ ಕಡಿದ ಹದಿನಾರು ಹಾಲವಾಣದ ಕೊಂಬೆಗಳನ್ನು. ಹಸಿನೆಲಕ್ಕೆ ಚುಚ್ಚಿದರೆ ಸಾಕು, ಹಾಲವಾಣ ಬೇರು ಬಿಡುತ್ತದೆ. ಇದೇನೆಂದು ತಮ್ಮಣ್ಣ ಕೇಳಿದಾಗ, “ಎಲಿಬಳ್ಳಿಗೆ ಆಸರಾ ಬೇಕಲ್ರಿ, ಧಣ್ಯಾರ” ಎಂದಳು. ಕಾಲಿಗೆ ಮಣ್ಣು ಹತ್ತದಂತೆ ನಡೆಯುವ ಕಾರಭಾರಿ ಅದನ್ನು ನಂಬಿದ.

ಮದುವೆಯ ದಿನ ಬೆಳಗಿನಿಂದಲೇ ತಮ್ಮಣ್ಣ ಕಟ್ಟೆಯ ಮೇಲೆ ಕುಳಿತು ತಪ್ಪಲು ಕಾಯತೊಡಗಿದ. ಸೂರ್ಯ ನೆತ್ತಿಗೆ ಬಂದ. ಬೀಗರ ಮುಖ ಬಾಡಿತು, ವಾಲಗದವರ ರುಮಾಲು ಬಾಡಿತು, ಕಾಯುತ್ತ ಕೂತ ತಮ್ಮಣ್ಣನೂ ಬಾಡಿದ. ಹದಿನಾರು ಕಂಬಗಳ ಮೇಲಿನ ತಪ್ಪಲು ಮಾತ್ರ ಹಾಗೇ ಇತ್ತು. ತಡೆಯಲಾರದೆ ಎದ್ದುಬಂದು ಮೂಲೆಯ ಕಂಬವನ್ನು ಹಿಡಿದು ಜಗ್ಗಿದ. ಅದು ವಾಲಿತು, ಕಿತ್ತುಬರಲಿಲ್ಲ.

“ಬಾಡಿತೇನೋ ತಮ್ಮಣ್ಣಾ?” ಎಂದು ದೇಸಾಯರು ಮಹಡಿಯಿಂದ ಕೇಳಿದರು.

“ಬೇರು ಬಿಟ್ಟೈತ್ರಿ, ಸರಕಾರ.”

ದೇಸಾಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಲು ಬಾಡದ ಮೇಲೆ ತೋಟ ಬಾಳವ್ವನದೇ. ಗೋಧೂಳಿಯಲ್ಲಿ ಕಾಶವ್ವನ ಮೇಲೆ ಅಕ್ಕಿಕಾಳು ಬಿದ್ದಾಗ ಬಾಳವ್ವ ಆ ವಾಲಿದ ಕಂಬಕ್ಕೆ ಒರಗಿ ಸಂತೋಷಕ್ಕೆ ಬಿಕ್ಕಿಬಿಕ್ಕಿ ಅತ್ತಳು. ದೇಸಾಯರ ಹೆಂಡತಿ ಬಂದು ಅವಳನ್ನು ಅಲ್ಲೇ ಕೂರಿಸಿ, ತಮ್ಮ ತಲೆಯ ಹೂವನ್ನೇ ತೆಗೆದು ಅವಳಿಗೆ ಮುಡಿಸಿದರು. “ಎಲ್ಲಾರಿಗೂ ಹೂ ಕಟ್ಟಿಕೊಟ್ಟಿ. ನಿನಗ ಯಾರ ಮುಡಿಸಬೇಕವ್ವಾ?” ಎಂದರಂತೆ. ಮರುವರ್ಷ ತನ್ನ ಮಗಳ ಮದುವೆಗೆ ತೋಟ ಕೇಳಲು ಬಾಳವ್ವನ ಬಾಗಿಲಿಗೆ ಮೊದಲು ಬಂದವನು ತಮ್ಮಣ್ಣನೇ ಎನ್ನುತ್ತಾರೆ. ಅವಳು ಇಲ್ಲವೆನ್ನಲಿಲ್ಲ, ದಂಡೆಯನ್ನೂ ತಾನೇ ಕಟ್ಟಿಕೊಟ್ಟಳು.

ಹಾಲವಾಣಗಳು ಇಂದಿಗೂ ನಾಲ್ಕು ಸಾಲಾಗಿ ನಿಂತಿವೆ. ಒಂದು ಮುಪ್ಪಾದರೆ ಅದರದೇ ಕೊಂಬೆಯನ್ನು ಅದೇ ಗುಂಡಿಯಲ್ಲಿ ಊರುತ್ತಾರೆ. ಮೂಲೆಯದನ್ನು ಮಾತ್ರ ಬೇಕೆಂದೇ ವಾಲಿಸಿ ನೆಡುತ್ತಾರೆ. ಮದುವೆಯ ದಿನ ಹೆತ್ತವ್ವನಿಗೆ ಕೂರಲು ಎಲ್ಲಿಯ ಪುರುಸೊತ್ತು? ಇಲ್ಲಿ ಮಾತ್ರ ಮುಹೂರ್ತಕ್ಕೆ ಮುಂಚೆ ಹುಡುಗಿಯ ತಾಯಿ ಆ ಮರದ ಬುಡದಲ್ಲಿ ಕೂರಲೇಬೇಕು. ಮದುಮಗಳೇ ಬಂದು ಅವಳಿಗೆ ಹೂ ಮುಡಿಸುತ್ತಾಳೆ. ಆಮೇಲೆಯೇ ವಾಲಗ.