ಬೀಗರ ಸೇತುವೆ

ಮಲಪ್ರಭೆಯ ದಂಡೆಯ ಕಡ್ಲಿಕೊಪ್ಪದಿಂದ ಎದುರಿನ ಹಿರೇಸಿಂಗಿಗೆ ಹೋಗುವ ಸೇತುವೆ ನಡುಹೊಳೆಯಲ್ಲಿ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ, ಒಂದಿಷ್ಟು ದೂರ ಅಡ್ಡ ನಡೆದು, ಮತ್ತೆ ನೆಟ್ಟಗಾಗುತ್ತದೆ. ದೇಶದೇಶಗಳ ಸೇತುವೆಗಳನ್ನು ದಾಟಿದ್ದೇನೆ. ಹೀಗೆ ನಡುವೆ ಮನಸ್ಸು ಬದಲಿಸುವ ಸೇತುವೆಯನ್ನು ಇನ್ನೆಲ್ಲೂ ಕಂಡಿಲ್ಲ. ಸರ್ಕಾರದ ಫಲಕದಲ್ಲಿ ಯಾರೋ ಮಂತ್ರಿಯ ಹೆಸರಿದೆ. ಊರವರು ಮಾತ್ರ ಬೀಗರ ಸೇತುವೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಇಲ್ಲಿ ಕಲ್ಲುಕಂಬಗಳ ಮೇಲೆ ಮರದ ಹಲಗೆ ಹಾಸಿದ್ದ ಕಾಲದಲ್ಲಿ, ಹಿರೇಸಿಂಗಿಯ ಈರನಗೌಡನ ಮಗಳು ನಿಂಬೆವ್ವ ಕಡ್ಲಿಕೊಪ್ಪದ ಸೋಮನಗೌಡನ ಮನೆಗೆ ಸೊಸೆಯಾಗಿ ಬಂದಳು. ಗಂಡಿನ ದಿಬ್ಬಣವನ್ನು ಎದುರುಗೊಳ್ಳಲು ಹೆಣ್ಣಿನವರು ಸೇತುವೆ ದಾಟಿ ಬರಬೇಕೋ, ದಿಬ್ಬಣವೇ ದಾಟಿ ಹೋಗಬೇಕೋ ಎಂಬ ಮಾತಿಗೆ ಗೌಡರಿಬ್ಬರೂ ಮುನಿಸಿಕೊಂಡರು. ಮದುವೆಯ ಅಡುಗೆ ಆರಿತು, ಸಿಟ್ಟು ಆರಲಿಲ್ಲ. ಅದೇ ವರ್ಷ ಮಹಾಪೂರ ಬಂದು ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಬೀಗರೇ ಬಂದು ಕೇಳಲಿ, ಆಮೇಲೆ ಕೂಡಿ ಕಟ್ಟೋಣ ಎಂದು ಇಬ್ಬರೂ ಕಾದರು. ಯಾರೂ ಕೇಳಲಿಲ್ಲ. ಕೊನೆಗೆ ಹಟಕ್ಕೆ ಬಿದ್ದು ತಮ್ಮ ತಮ್ಮ ದಂಡೆಯಿಂದ ತಾವೇ ಕಲ್ಲಿನಲ್ಲಿ ಕಟ್ಟಿಸತೊಡಗಿದರು, ಎದುರಿನವರ ಕಡೆ ತಲೆಯೆತ್ತಿಯೂ ನೋಡದೆ. ನಡುಹೊಳೆಗೆ ಬಂದಾಗ ಎರಡು ತುದಿಗಳೂ ಒಂದಕ್ಕೊಂದು ಎದುರಾಗದೆ ಅತ್ತಿತ್ತ ಸರಿದು ನಿಂತಿದ್ದವು.

"ಕೆಡವಿದರ ಅವರು ಕೆಡವಲಿ" ಎಂದ ಈರನಗೌಡ. "ನಮ್ಮದು ನೆಟ್ಟಗೈತಿ" ಎಂದ ಸೋಮನಗೌಡ. ಕೆಲಸ ನಿಂತಿತು.

ಅಷ್ಟರಲ್ಲಿ ನಿಂಬೆವ್ವ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಹೊಳೆ ಏರುತ್ತಿತ್ತು, ಅಂಬಿಗರು ಹರಿಗೋಲು ಇಳಿಸಲು ಒಪ್ಪಲಿಲ್ಲ. ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಮಾವನ ಅರ್ಧ ಸೇತುವೆಯ ತುದಿಗೆ ಹೋಗಿ ಕುಳಿತುಬಿಟ್ಟಳಂತೆ. ಎರಡೂ ಊರು ಓಡಿಬಂತು.

"ಏಳವ್ವಾ, ನೀರು ಏರಾಕತ್ತೈತಿ" ಎಂದ ಮಾವ.

"ಮಾವಾರ, ನಿಮ್ಮದೂ ನೆಟ್ಟಗೈತಿ, ನಮ್ಮಪ್ಪಂದೂ ನೆಟ್ಟಗೈತಿ. ಯಾರೂ ಏನೂ ಕೆಡವಬ್ಯಾಡ್ರಿ. ನಾ ಇಲ್ಲೇ ಹಡೀತೀನಿ. ಕೂಸು ಯಾವ ಊರಿಂದು ಅಂತ ಆಮ್ಯಾಲೆ ಇಬ್ಬರೂ ಕುಂತು ಜಗಳಾಡ್ರಿ."

ಆಚೆ ತುದಿಯಲ್ಲಿದ್ದ ಈರನಗೌಡ ಕೊನೆಗೂ ಎದುರಿನವರ ಕಡೆ ತಲೆಯೆತ್ತಿ ನೋಡಿದ. "ಬೀಗರ, ಅಡ್ಡ ತೊಲಿ ಹಾಕಿದರ ಹ್ಯಾಂಗ?" ಎಂದು ಕೂಗಿದ.

"ನಾನೂ ಅದನ್ನ ಅನ್ನಾಂವಿದ್ದೆ!" ಎಂದ ಸೋಮನಗೌಡ. ಅಷ್ಟನ್ನೂ ಹೇಳದಿದ್ದರೆ ಅವನು ಗೌಡನೆನಿಸಿಕೊಳ್ಳುವುದು ಹೇಗೆ!

ಅಂದು ತೊಲೆಗಳ ಮೇಲೆ ಅವಳನ್ನು ದಾಟಿಸಿದರು. ನೀರಿಳಿದ ಮೇಲೆ ಅಲ್ಲೇ ಕಲ್ಲು ಕೂಡಿಸಿದರು. ಗೌಡರಿಬ್ಬರೂ ಬಾಗಲಿಲ್ಲ, ಸೇತುವೆ ಬಾಗಿತು. ಆಮೇಲೆ ಅದು ಎಷ್ಟೋ ಸಲ ಬಿದ್ದು ಎದ್ದಿದೆ. ಸುಲ್ತಾನರ ಕಾಲದಲ್ಲಿ ಕಮಾನು, ಬ್ರಿಟಿಷರ ಕಾಲದಲ್ಲಿ ಕಬ್ಬಿಣ, ಈಗ ಸಿಮೆಂಟು. ಪ್ರತಿ ಸಲವೂ ನೆಟ್ಟಗೆ ಕಟ್ಟುತ್ತೇವೆಂದು ನಕ್ಷೆ ತಂದವರನ್ನು ಎರಡೂ ಊರಿನವರು ಕೇಳಿದ್ದು ಒಂದೇ ಮಾತಂತೆ: "ಯಾರ ಕಡೆಗೆ ನೆಟ್ಟಗೆ?"

ಇಂದಿಗೂ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವ ದಿನ ಎರಡೂ ಮನೆಯವರು ಆ ತಿರುವಿನವರೆಗೆ ನಡೆದೇ ಬರುತ್ತಾರೆ. ಅತ್ತೆ ಅವಳ ಕೈಯನ್ನು ತಾಯಿಯ ಕೈಗೆ ಕೊಡುವ ತನಕ ಬಸ್ಸು, ಟ್ರ್ಯಾಕ್ಟರುಗಳು ಎರಡೂ ಬದಿ ಸಾಲುಗಟ್ಟಿ ನಿಲ್ಲುತ್ತವೆ. ಹಾರ್ನ್ ಹೊಡೆದವನನ್ನು ನಾನಂತೂ ಕಂಡಿಲ್ಲ.