ಕುಂಬಾರ್ತಿಯ ಗಟ್ಟಿ ಮಗ

ಶಿಷ್ಯೆ ಕೇಳಿದಳು: "ಗುರುಗಳೇ, ನನ್ನ ಮಗುವಿನ ವಿಷಯದಲ್ಲಿ ನಾನು ತಪ್ಪಿದರೆ ಅದರ ಫಲ ಉಣ್ಣುವವಳೂ ನಾನೇ. ನಡುವೆ ಮಂದಿ ಯಾಕೆ ಬಾಯಿ ಹಾಕಬೇಕು?"

ಗುರುಗಳು ಒಂದು ಕಥೆ ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನು ಮಡಕೆ ತಿರುವುತ್ತಿದ್ದ ತಿಗುರಿಯ ಮುಂದೆ ತಾನೇ ಕೂತಳು. ಹೆಂಗಸು ತಿಗುರಿ ಮುಟ್ಟಬಾರದು ಎಂದವರ ಮನೆಗೂ ಕೊನೆಗೆ ಅವಳ ಮಡಕೆಯೇ ಹೋಯಿತು. ಯಾರ ಮಾತನ್ನೂ ಕೇಳದಿದ್ದುದರಿಂದಲೇ ತಾನು ಬದುಕಿದೆ ಎಂದು ಅವಳು ನಂಬಿದಳು.

ಅವಳಿಗೆ ಒಬ್ಬನೇ ಮಗ, ನಾಲ್ಕು ವರ್ಷದವನು. ದಡಾರದ ಚುಚ್ಚುಮದ್ದು ಹಾಕಲು ನರ್ಸಮ್ಮ ಬಂದಾಗಲೆಲ್ಲ ಕುಂಬಾರ್ತಿ ಬಾಗಿಲಲ್ಲೇ ತಡೆದಳು.

"ಓಣಿಯ ಮಕ್ಕಳಿಗೆಲ್ಲ ಹಾಕಿದ್ದೀಯಲ್ಲ ತಾಯಿ, ನನ್ನವನೊಬ್ಬನನ್ನು ಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ? ರಾಗಿ ಮುದ್ದೆ ತಿಂದ ಮೈ ಇದು. ಸೂಜಿ ಮುರಿದೀತು, ಜೋಕೆ!"

ಕೇಳಿದವರು ನಕ್ಕರು. ಆದರೆ ನನ್ನದೊಂದು ಮಗುವನ್ನು ಬಿಟ್ಟರೇನು ಎಂದವಳು ಆ ಊರಿನಲ್ಲಿ ಅವಳೊಬ್ಬಳೇ ಆಗಿರಲಿಲ್ಲ.

ಪಕ್ಕದ ಮನೆಯ ನೇಕಾರನ ಹೆಂಡತಿ ಬಾಣಂತನ ಮುಗಿಸಿಕೊಂಡು, ಐದು ತಿಂಗಳ ಕೂಸಿನೊಂದಿಗೆ ತವರಿನಿಂದ ಬಂದಳು. ಮದುವೆಯಾಗಿ ಬಹಳ ವರ್ಷಕ್ಕೆ, ಹರಕೆ ಹೊತ್ತು ಹೆತ್ತ ಕೂಸು ಅದು. ಆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಕೂಸನ್ನು ತಂದೆಯ ಮನೆಯ ತೊಟ್ಟಿಲಿಗೆ ಹಾಕುವ ದಿನ, ಓಣಿಯಲ್ಲೇ ಗಟ್ಟಿಯಾದ ಮಗು ಬಂದು ಮೊದಲು ತೂಗಬೇಕು. ಆಮೇಲೆ ಬಾಗಿ ಕೂಸಿನ ಮುಖಕ್ಕೆ ಉಸಿರೂದಬೇಕು. ಅದರ ಕಸುವು ಕೂಸಿಗೆ ಬರುತ್ತದೆ ಎಂದು ನಂಬಿಕೆ.

ಕರೆ ಬಂದದ್ದು ಕುಂಬಾರ್ತಿಯ ಮಗನಿಗೆ. ಅಂದು ಹುಡುಗನ ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ಬೆಳಿಗ್ಗೆ ಹಣೆ ಮುಟ್ಟಿ ನೋಡಿದಾಗ ಬಿಸಿಯೂ ಇತ್ತು. ಬೇಡವೆಂದರೆ ಇನ್ನೊಬ್ಬಳ ಮಗನನ್ನು ಕರೆಯುತ್ತಾರಲ್ಲ ಎಂದು ಅವಳು ಅವನಿಗೆ ಹೊಸ ಅಂಗಿ ತೊಡಿಸಿದಳು.

"ಅಕ್ಕಾ, ಹುಡುಗನಿಗೆ ಹುಷಾರಿಲ್ಲವೇ?" ಎಂದಳು ನೇಕಾರನ ಹೆಂಡತಿ.

"ಮಡಕೆ ಸುಡುವ ಹೊಗೆ, ತಂಗಿ. ಕುಂಬಾರರ ಮಕ್ಕಳ ಕಣ್ಣು ಮಲ್ಲಿಗೆಯ ಹಾಗಿರುತ್ತದೆಯೇ? ಊದೋ ಮಗನೇ, ಜೋರಾಗಿ ಊದು!"

ಹುಡುಗ ಊದಿದ. ಕೂಸು ನಕ್ಕಿತು.

ಮೂರು ದಿನದಲ್ಲಿ ಹುಡುಗನ ಮೈತುಂಬ ದಡಾರ ಎದ್ದಿತು. ಕುಂಬಾರ್ತಿ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ಕೆಲವು ದಿನ ನರಳಿ ಅವನು ಎದ್ದು ಓಡಾಡಿದ. "ನೋಡಿದಿರಾ, ಯಾವ ಸೂಜಿಯೂ ಇಲ್ಲದೆ ಗೆದ್ದ ನನ್ನ ಮಗ!" ಎಂದು ಅವಳು ಓಣಿಗೆಲ್ಲ ಕೇಳುವಂತೆ ಹೇಳಿದಳು.

ಅಷ್ಟರಲ್ಲಿ ಕೂಸಿಗೆ ಜ್ವರ ಬಂದಿತ್ತು. ಚುಚ್ಚುಮದ್ದು ಹಾಕಲು ಒಂಬತ್ತು ತಿಂಗಳು ತುಂಬಬೇಕು. ಅದರ ಸರದಿ ಇನ್ನೂ ಬಂದಿರಲಿಲ್ಲ. ದಡಾರ ಎದೆಗೆ ಇಳಿಯಿತು. ಪೇಟೆಯ ಆಸ್ಪತ್ರೆಗೆ ಒಯ್ದ ಕೂಸು ಉಸಿರಿಲ್ಲದೆ ಮರಳಿತು.

ಕುಂಬಾರ್ತಿ ಆ ಮನೆಯ ಹೊಸ್ತಿಲವರೆಗೆ ಹೋದಳು. ಏನಾದರೂ ಕೇಳಿದರೆ ಹೇಳಲು ಮಾತು ಕೂಡಿಸಿಕೊಂಡಿದ್ದಳು. ಒಳಗಿದ್ದ ಯಾರೂ ಏನನ್ನೂ ಕೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಮೆಲ್ಲಗೆ ಹೇಳಿದಳು: "ಅವಳ ಮಗನಾದರೂ ಉಳಿದನಲ್ಲ."

"ಉಳಿದ. ಆ ಕೂಸನ್ನು ಮತ್ತೆ ಯಾವಾಗ ತೂಗಲಿ ಎಂದು ದಿನವೂ ಅವಳನ್ನೇ ಕೇಳುತ್ತಾನೆ."