ಮೂರು ಬಿರುದಿನ ಮುದ್ದರಸ

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಇದು ಒಬ್ಬ ಜಂಬಗಾರನ ಕಥೆ. ನಗು ಬಂದರೆ ನಕ್ಕುಬಿಡಿ, ಅವನಿಗಾಗಿ ಯಾರೂ ಮರುಗಬೇಕಾಗಿಲ್ಲ.

ಒಂದು ಸೀಮೆಯಲ್ಲಿ ಕಡಿದಾದ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಕೋಟೆ, ಕೋಟೆಯೊಳಗೆ ಊರು. ಊರು ಮೇಲೆ, ಹೊಳೆ ಕೆಳಗೆ, ನಡುವೆ ಇನ್ನೂರು ಮೆಟ್ಟಿಲು. ನೀರು ತಾನಾಗಿ ಬೆಟ್ಟ ಹತ್ತುವುದಿಲ್ಲವಲ್ಲ, ಅದಕ್ಕೇ ಅಲ್ಲಿಯ ರಾಜ ಒಂದು ಯಂತ್ರಶಾಲೆ ಕಟ್ಟಿಸಿದ್ದ. ನೀರೆತ್ತುವ ಯಂತ್ರ ಮಾಡುವುದು, ಕೆಟ್ಟರೆ ಸರಿಮಾಡುವುದು, ಅದಕ್ಕಿಂತ ಒಳ್ಳೆಯದು ಬೇರೆ ಕಡೆ ಇದೆ ಎಂದು ಗೊತ್ತಾದರೆ ತಂದು ನಿಲ್ಲಿಸುವುದು, ಇದೇ ಅಲ್ಲಿಯ ಕೆಲಸ.

ಆ ಶಾಲೆಗೆ ಒಂದೇ ದಿನ ಇಬ್ಬರು ಸೇರಿದರು. ಒಬ್ಬ ಮುದ್ದರಸ. ಇನ್ನೊಬ್ಬಳು ಬಡಗಿ ಮಾಚಯ್ಯನ ಮಗಳು ಸಂಕವ್ವ. ಇಬ್ಬರಿಗೂ ಇಪ್ಪತ್ತರ ಆಸುಪಾಸು ವಯಸ್ಸು. ಇಬ್ಬರ ಕೈಯಲ್ಲೂ ಉಳಿ, ಇಬ್ಬರ ಮೈಮೇಲೂ ಮರದ ಪುಡಿ.

ಆಗ ಇದ್ದದ್ದು ಕಪಿಲೆ. ಎತ್ತುಗಳು ಹಗ್ಗ ಎಳೆದರೆ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಆದರೆ ವಾರಕ್ಕೊಂದು ಸಲ ಹಗ್ಗ ಬಂಡೆಗೆ ಉಜ್ಜಿ ಉಜ್ಜಿ ಹರಿಯುತ್ತಿತ್ತು. ಮುದ್ದರಸ ಹದಿನೈದು ದಿನ ಬಿಸಿಲಲ್ಲಿ ಬಂಡೆಯ ಪಕ್ಕ ಕೂತು ನೋಡಿದ. ಹಗ್ಗ ಉಜ್ಜುವ ಕಡೆ ಒಂದು ಮರದ ಉರುಳೆ ಕೂರಿಸಿದ. ಹಗ್ಗ ಹರಿಯುವುದು ನಿಂತಿತು. ಇಷ್ಟು ಅವನ ಸ್ವಂತ ಕೆಲಸ. ಅದನ್ನು ನಾವು ಕಿತ್ತುಕೊಳ್ಳುವುದು ಬೇಡ. ಪಾಪ, ಹೇಳಿಕೊಳ್ಳಲು ಅವನಿಗಿರುವುದು ಅದೊಂದೇ.

ರಾಜ ಮೆಚ್ಚಿ ಶಾಲು ಹೊದಿಸಿ ‘ಯಂತ್ರ ಮಾರ್ತಾಂಡ’ ಎಂದು ಬಿರುದು ಕೊಟ್ಟ. ಮರುದಿನ ಮುದ್ದರಸ ಕೆಲಸಕ್ಕೆ ಬಂದದ್ದು ಬಿಳಿ ಪಂಚೆ ಉಟ್ಟು. ಬಿಳಿ ಪಂಚೆ ಉಟ್ಟವನು ಕೀಲೆಣ್ಣೆಯ ಹತ್ತಿರ ಹೋಗಲು ಆಗುತ್ತದೆಯೇ? ಹೋಗಲಿಲ್ಲ. ಅಂದಿನಿಂದ ಅವನು ಬೆರಳು ಚಾಚಿ ತೋರಿಸುವ ಕೆಲಸಕ್ಕೆ ನಿಂತ. ಅದು ಅವನಿಗೆ ಚೆನ್ನಾಗಿ ಒಗ್ಗಿತು.

ಹತ್ತು ವರ್ಷ ಕಳೆಯಿತು. ದೂರದ ಊರಿಂದ ಒಬ್ಬ ಮಿಸ್ತ್ರಿ ಹೊಸ ಯಂತ್ರ ತಂದ. ದೊಡ್ಡ ಗಾಲಿ, ಗಾಲಿಯ ಸುತ್ತ ಗಡಿಗೆಗಳು. ಗಾಲಿ ತಿರುಗಿದರೆ ಗಡಿಗೆಗಳು ಸಾಲಾಗಿ ನೀರು ಹೊತ್ತು ಬರುತ್ತಿದ್ದವು. ರಾಜ ಯಂತ್ರಶಾಲೆಯವರನ್ನೆಲ್ಲ ಕರೆಸಿ, ಇದು ಯಾರಿಗೆ ಗೊತ್ತು ಎಂದು ಕೇಳಿದ.

ಮುದ್ದರಸ ಅಂಥದ್ದನ್ನು ಕನಸಲ್ಲೂ ಕಂಡಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಹೆಗಲ ಮೇಲೆ ಶಾಲು ಇತ್ತು. ಶಾಲು ಹೊದ್ದವನಿಗೆ ಗೊತ್ತಿಲ್ಲದ್ದು ಇರಬಹುದೇ? ಮಾತನ್ನು ನುಂಗಿಕೊಂಡು, ಇದೆಲ್ಲ ನನಗೆ ಹಳೆಯದು ಮಹಾಸ್ವಾಮಿ ಎಂದುಬಿಟ್ಟ.

ಸಂಕವ್ವ ಮಾತ್ರ ಮುಂದೆ ಬಂದು, “ನನಗೆ ಗೊತ್ತಿಲ್ಲ ಬುದ್ಧಿ. ಮಿಸ್ತ್ರಿ ಒಪ್ಪಿದರೆ ಪಕ್ಕದಲ್ಲಿ ಕೂತು ಕಲೀತೀನಿ,” ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಹತ್ತು ವರ್ಷ ಕೆಲಸ ಮಾಡಿದವಳು ಗೊತ್ತಿಲ್ಲ ಅನ್ನುತ್ತಾಳಲ್ಲ ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಮುದ್ದರಸ. ಅವಳಿಗೆ ಒಂದಿಷ್ಟು ನಾಚಿಕೆಯಾದದ್ದು ನಿಜ. ಆದರೂ ಮಿಸ್ತ್ರಿಯ ಪಕ್ಕದಲ್ಲಿ ಕೂತಳು. ಮೂರು ತಿಂಗಳು ಅವನಿಗೆ ಮರ ಹಿಡಿದುಕೊಟ್ಟಳು, ಗಡಿಗೆ ಕಟ್ಟಿದಳು, ಬೈಸಿಕೊಂಡಳು, ಕಲಿತಳು.

ಮುದ್ದರಸ ಏನು ಮಾಡಿದ ಗೊತ್ತೇ? ದಿನಾ ಸಂಜೆ ಅವಳ ಹತ್ತಿರ ಬಂದು, ನಿನಗೆ ಸರಿಯಾಗಿ ಅರ್ಥವಾಗಿದೆಯೋ ಇಲ್ಲವೋ ಪರೀಕ್ಷೆ ಮಾಡೋಣ, ಹೇಳು ಅನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಕಣ್ಣು ಅರ್ಧ ಮುಚ್ಚಿ ತಲೆದೂಗುತ್ತಿದ್ದ. ಮರುದಿನ ಅದೇ ಮಾತಿಗೆ ನಾಲ್ಕು ಸಂಸ್ಕೃತದ ಪದ ಅಂಟಿಸಿ ರಾಜನ ಮುಂದೆ ಒಪ್ಪಿಸುತ್ತಿದ್ದ. ರಾಜನೂ ಅಷ್ಟೇ ಜಾಣ. ಯಾರ ಕೈ ಜಿಡ್ಡಾಗಿದೆ ಎಂದು ನೋಡಲಿಲ್ಲ, ಯಾರ ಬಾಯಿ ಓಡುತ್ತದೆ ಎಂದು ನೋಡಿದ. ‘ಯಂತ್ರ ಕಂಠೀರವ’ ಎಂದು ಎರಡನೆಯ ಬಿರುದು, ಎರಡನೆಯ ಶಾಲು.

ಸಂಕವ್ವ ಕಲಿತದ್ದನ್ನು ಹತ್ತು ಮಂದಿಗೆ ಕಲಿಸತೊಡಗಿದಳು. ಅದನ್ನು ಕಂಡು ಮುದ್ದರಸನಿಗೆ ತಡೆಯಲಾಗಲಿಲ್ಲ. ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು, ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ.

“ನೋಡು ಸಂಕವ್ವ, ಎಲ್ಲಾ ಹೇಳಿಕೊಟ್ಟರೆ ನಾಳೆ ನಿನ್ನನ್ನು ಯಾರು ಕೇಳ್ತಾರೆ? ಒಂದು ಗುಟ್ಟು ನಿನ್ನ ಹತ್ತಿರಾನೇ ಇಟ್ಕೊ. ಆಗ ನಿನ್ನನ್ನು ಯಾರೂ ಬಿಡೋ ಹಾಗಿಲ್ಲ.”

“ಅದೇ ನನಗೆ ಭಯ ಅಯ್ಯಾ,” ಎಂದಳು ಸಂಕವ್ವ. “ನಾನೊಬ್ಬಳೇ ಬಲ್ಲೆ ಅಂದ್ರೆ ಈ ಗಾಲಿ ಪಕ್ಕದಲ್ಲೇ ಮುದುಕಿಯಾಗಬೇಕಾಗುತ್ತೆ. ಇವರೂ ಕಲಿತರೆ ನಾನು ಮುಂದಿನದನ್ನು ನೋಡೋಕೆ ಹೋಗಬಹುದು.”

ಮುದ್ದರಸ ಇವಳಿಗೆ ಬುದ್ಧಿ ಬರುವುದಿಲ್ಲ ಎಂದುಕೊಂಡು ಹೊರಟುಹೋದ.

ಮತ್ತೆ ಇಪ್ಪತ್ತು ವರ್ಷ. ಮುದ್ದರಸನ ಹೊಟ್ಟೆ ಮುಂದೆ ಬಂತು, ಸಂಕವ್ವನ ಕೂದಲು ನರೆಯಿತು. ಅಷ್ಟರಲ್ಲಿ ಮೂರನೆಯ ಯಂತ್ರ ಬಂತು. ಇದಕ್ಕೆ ಎತ್ತು ಬೇಡ, ಆಳು ಬೇಡ. ಕೋಟೆಯ ಕೊತ್ತಲದ ಮೇಲೆ ನಾಲ್ಕು ರೆಕ್ಕೆ, ಗಾಳಿ ಬೀಸಿದರೆ ರೆಕ್ಕೆ ತಿರುಗುತ್ತದೆ, ರೆಕ್ಕೆ ತಿರುಗಿದರೆ ಹಲ್ಲುಗಾಲಿ ತಿರುಗುತ್ತದೆ, ಹಲ್ಲುಗಾಲಿ ತಿರುಗಿದರೆ ನೀರು ಬಂದು ಊರ ತೊಟ್ಟಿಗೆ ಬೀಳುತ್ತದೆ. ಯಾರಿಗೆ ಗೊತ್ತು ಎಂದು ರಾಜ ಮತ್ತೆ ಕೇಳಿದ. ಇದೆಲ್ಲ ನನಗೆ ಹಳೆಯದು ಎಂದು ಮುದ್ದರಸ ಮತ್ತೆ ಹೇಳಿದ. ಗೊತ್ತಿಲ್ಲ, ಕಲೀತೀನಿ ಎಂದು ಸಂಕವ್ವ ಮತ್ತೆ ಹೇಳಿದಳು.

ಈ ಸಲ ಅವಳಿಗಿಂತ ಬೇಗ ಕಲಿತವರು ಅವಳ ಹೊಸ ಶಿಷ್ಯರೇ. ಐವತ್ತು ದಾಟಿದವಳು ಆ ಹುಡುಗ ಹುಡುಗಿಯರ ಮುಂದೆ ಕೂತು, ತಪ್ಪು ಹೇಳಿ, ತಿದ್ದಿಸಿಕೊಂಡು ಕಲಿತಳು. ಮುದ್ದರಸ ರೂಢಿಯಂತೆ ಸಂಜೆ ಪರೀಕ್ಷೆ ಮಾಡಲು ಬಂದ. ಅವಳು ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದ. ಆಗಲೂ ಅರ್ಥವಾಗಲಿಲ್ಲ. ಮೂವತ್ತು ವರ್ಷ ಕೈಯಲ್ಲಿ ಉಳಿ ಹಿಡಿಯದವನ ತಲೆಗೆ ಒಂದೇ ಸಂಜೆಯಲ್ಲಿ ಹೇಗೆ ಹತ್ತೀತು? ಅವಳು ಹೇಳಿದ್ದರಲ್ಲಿ ಅವನಿಗೆ ಹತ್ತಿದ್ದು ಒಂದೇ ಸಂಗತಿ. ಹಲ್ಲುಗಾಲಿ ಅಚ್ಚಿನಿಂದ ಜಾರದ ಹಾಗೆ ತುದಿಯಲ್ಲಿ ಒಂದು ಕಡಾಣಿ ಇದೆ, ಬೆರಳುದ್ದದ ಕಬ್ಬಿಣದ ಕೀಲು. ಅದನ್ನು ಕಿತ್ತರೆ ಗಾಲಿ ಸರಿದು ಯಂತ್ರ ನಿಲ್ಲುತ್ತದೆ. ಇಡೀ ಯಂತ್ರದಲ್ಲಿ ಆ ಮಹಾನುಭಾವನಿಗೆ ತಿಳಿದದ್ದು ಅದನ್ನು ನಿಲ್ಲಿಸುವುದು ಹೇಗೆ ಎಂಬುದು ಮಾತ್ರ.

ಅಷ್ಟೇ ಸಾಕು ಎಂದುಕೊಂಡ.

ಒಂದು ಮಧ್ಯಾಹ್ನ ಗಾಳಿ ಬಿದ್ದು ರೆಕ್ಕೆ ನಿಂತಿತ್ತು. ಎಲ್ಲರೂ ಉಂಡು ಅಡ್ಡಾಗಿದ್ದರು. ಮುದ್ದರಸ ಕೊತ್ತಲ ಹತ್ತಿ ಕಡಾಣಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ. ಗಾಳಿ ಎದ್ದಾಗ ಗಾಲಿ ಸರಿಯಿತು, ನೀರು ನಿಂತಿತು. ಊರೆಲ್ಲ ಗಾಬರಿ. ಸಂಕವ್ವನ ಮಂದಿ ಓಡಿ ಬರುವುದರೊಳಗೆ ಅವನು ಯಂತ್ರದ ಸುತ್ತ ಪರದೆ ಕಟ್ಟಿಸಿ, ಯಾರೂ ಒಳಗೆ ಬರಬಾರದು ಎಂದು ಕಾವಲು ಹಾಕಿಸಿದ್ದ. ತನ್ನ ಇಬ್ಬರು ಆಳುಗಳಿಂದ ಗಾಲಿ ತಳ್ಳಿಸಿ, ಅವರನ್ನು ಹೊರಗೆ ಕಳಿಸಿ, ಕಡಾಣಿ ಮತ್ತೆ ಸಿಕ್ಕಿಸಿದ. ಪರದೆ ಸರಿಸಿದಾಗ ಯಂತ್ರ ತಿರುಗಿತು. ರಾಜ ಬೆರಗಾಗಿ ‘ಯಂತ್ರ ಬ್ರಹ್ಮ’ ಎಂದು ಮೂರನೆಯ ಬಿರುದು ಕೊಟ್ಟ.

ಎರಡನೆಯ ಸಲ ಕಡಾಣಿ ಕಿತ್ತಾಗ ಅವನು ಬೇಗ ಸಿಕ್ಕಿಸಲಿಲ್ಲ. ಯಂತ್ರ ಮುನಿದಿದೆ ಎಂದು ಮೂರು ದಿನ ತಡಮಾಡಿದ. ತಡವಾದಷ್ಟೂ ಮರ್ಯಾದೆ ಹೆಚ್ಚು ಎಂದು ಅವನ ಎಣಿಕೆ. ಆ ಮೂರು ದಿನ ಊರ ಹೆಂಗಸರು ಕೊಡ ಹೊತ್ತು ಇನ್ನೂರು ಮೆಟ್ಟಿಲು ಹತ್ತಿದರು. ಸೂಲಗಿತ್ತಿ ಗೌರವ್ವ ಬಾಣಂತಿಯೊಬ್ಬಳ ಸ್ನಾನಕ್ಕೆಂದು ನೀರು ತರುವಾಗ ಒದ್ದೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮುದ್ದರಸ ಮೇಲಿನಿಂದ ಅದನ್ನು ನೋಡಿದ. ಈಗಲೇ ಸಿಕ್ಕಿಸಿಬಿಡಲೇ ಎಂದು ಸೊಂಟದ ಕಡಾಣಿಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಕೆಳಗಿನ ಹೆಂಗಸರೆಲ್ಲ ಅವನತ್ತ ತಿರುಗಿ ಕೈಮುಗಿದರು. ಕಡಾಣಿಯ ಮೇಲಿಟ್ಟ ಕೈಯನ್ನೇ ಎತ್ತಿ ಅವನು ಅವರನ್ನು ಹರಸಿದ.

ಯಂತ್ರ ತಿರುಗಿದ ಮೇಲೆ ಅವನು ರಾಜನ ಕಿವಿಯಲ್ಲಿ ಊದಿದ. ಹತ್ತು ಮಂದಿ ಮುಟ್ಟುವುದರಿಂದಲೇ ಯಂತ್ರ ಕೆಡುತ್ತಿದೆ, ಇದಕ್ಕೆಲ್ಲ ಸಂಕವ್ವನ ಪಾಠವೇ ಕಾರಣ ಎಂದ. ರಾಜ ಅವಳನ್ನು ಕರೆಸಿ, ಇನ್ನೊಂದು ಸಲ ಯಂತ್ರ ನಿಂತರೆ ನೀನೂ ನಿನ್ನ ಶಿಷ್ಯರೂ ಅದೇ ದಿನ ಕೋಟೆ ಬಿಡಬೇಕು ಎಂದು ಅಪ್ಪಣೆ ಮಾಡಿದ. ಅವಳು ತಲೆ ತಗ್ಗಿಸಿ ಕೇಳಿ, ಶಿಷ್ಯರ ಜೊತೆ ಯಂತ್ರದ ಹತ್ತಿರ ಹೋದಳು. ಗೆದ್ದೆ ಎಂದುಕೊಂಡ ಮುದ್ದರಸ.

ಎಂಟು ದಿನ ಬಿಟ್ಟು ಮೂರನೆಯ ಸಲ ಕೊತ್ತಲ ಹತ್ತಿದ. ಗಾಳಿ ಬಿದ್ದ ಹೊತ್ತು. ಕಡಾಣಿ ಕಿತ್ತ, ಸೊಂಟಕ್ಕೆ ಸಿಕ್ಕಿಸಿದ, ನೇರ ಅರಮನೆಗೆ ಹೋಗಿ ಕೂತ. ಒಂದು ಗಳಿಗೆಯಲ್ಲಿ ಗಾಳಿ ಎದ್ದಿತು. ಅರಮನೆಯ ಬಾಗಿಲುಗಳು ಬಡಿದುಕೊಂಡವು. ಅವನು ಎದ್ದು ನಿಂತು ಯಂತ್ರ ನಿಂತುಹೋಗಿದೆ ಮಹಾಸ್ವಾಮಿ, ಸಂಕವ್ವನನ್ನು ಕರೆಸಬೇಕು ಎಂದ.

ಸಂಕವ್ವ ಬಂದಳು. ಹಿಂದೆ ಅವಳ ಹತ್ತು ಮಂದಿ ಶಿಷ್ಯರು.

“ಯಂತ್ರ ನಿಂತಿದ್ದರೆ ತಪ್ಪು ನನ್ನದೇ ಬುದ್ಧಿ, ಈಗಲೇ ಊರು ಬಿಡ್ತೀನಿ,” ಎಂದಳು. “ಹೋಗೋ ಮುಂಚೆ ಒಂದು ತಿಳ್ಕೊಳ್ಳೋ ಆಸೆ. ಏನು ಕೆಟ್ಟಿದೆ ಅಂತ ಯಂತ್ರ ಬ್ರಹ್ಮರು ಹೇಳಲಿ.”

ಮುದ್ದರಸನಿಗೆ ಈ ಪ್ರಶ್ನೆ ಸಕ್ಕರೆ ತಿಂದ ಹಾಗಾಯಿತು. ಯಂತ್ರದ ವಿಚಾರದಲ್ಲಿ ಅವನು ಖಂಡಿತವಾಗಿ ಹೇಳಬಲ್ಲ ಒಂದೇ ಮಾತನ್ನು ಅವಳು ಕೇಳಿದ್ದಳು. ಎದೆಯುಬ್ಬಿಸಿ, “ಹಲ್ಲುಗಾಲಿಯ ಕಡಾಣಿ ಬಿದ್ದುಹೋಗಿದೆ,” ಎಂದ.

“ನೀನು ಬೆಳಗಿನಿಂದ ಕೊತ್ತಲ ಹತ್ತಿದ್ದೆಯಾ?” ರಾಜ ಮುದ್ದರಸನನ್ನು ಕೇಳಿದ.

ಹತ್ತಿಲ್ಲ ಮಹಾಸ್ವಾಮಿ, ಕೂತಲ್ಲೇ ತಿಳಿಯುವ ವಿದ್ಯೆ ನನ್ನದು ಎಂದ ಮುದ್ದರಸ.

“ಹಾಗಾದರೆ ಹೋಗಿ ನೋಡೋಣ,” ಎಂದು ರಾಜ ಎದ್ದ.

ಕೊತ್ತಲದ ಹತ್ತಿರ ಹೋದರೆ ನಾಲ್ಕೂ ರೆಕ್ಕೆ ಭರ್ರೆಂದು ತಿರುಗುತ್ತಿವೆ. ನೀರು ತೊಟ್ಟಿ ತುಂಬಿ ಹೊರಗೆ ಚೆಲ್ಲುತ್ತಿದೆ. ಮಕ್ಕಳು ಅದರಲ್ಲಿ ಕಾಲು ನೆನೆಸಿಕೊಂಡು ಆಡುತ್ತಿದ್ದಾರೆ.

ರಾಜ ತಾನೇ ಬಗ್ಗಿ ಅಚ್ಚಿನ ತುದಿ ನೋಡಿದ. ತೂತು ಖಾಲಿ. ಕಡಾಣಿ ಇಲ್ಲ, ಆದರೂ ಯಂತ್ರ ತಿರುಗುತ್ತಿದೆ.

ಸಂಕವ್ವ ಹೇಳಿದಳು. ಎರಡನೆಯ ಸಲ ನಿಂತಾಗಲೇ ಅವಳಿಗೆ ಅನುಮಾನ ಬಂದಿತ್ತಂತೆ. ಪರದೆ ಸರಿದ ಮೇಲೆ ನೋಡಿದರೆ ತೂತು ಸವೆದಿಲ್ಲ, ಕೀಲು ಮುರಿದಿಲ್ಲ, ತಾನಾಗಿ ಬೀಳಲು ಕಾರಣವೇ ಇಲ್ಲ. ಪರದೆಯೊಳಗೆ ಬರಿಗೈಯಲ್ಲಿ ಹೋದವನ ಬಿಳಿ ಪಂಚೆಯ ಸೊಂಟದಲ್ಲಿ ಬೆರಳುದ್ದದ ಜಿಡ್ಡಿನ ಕಲೆ. ಅದಕ್ಕೇ ಅವಳೂ ಶಿಷ್ಯರೂ ಸೇರಿ ಗಾಲಿಯ ಒಳಮೈಯಲ್ಲಿ ಇನ್ನೊಂದು ತೂತು ಕೊರೆದು, ಎರಡನೆಯ ಕಡಾಣಿ ಹೊಡೆದು, ಕಾಣದ ಹಾಗೆ ಕೀಲೆಣ್ಣೆ ಮೆತ್ತಿದ್ದರು. ಯಂತ್ರ ಬಲ್ಲವನಾಗಿದ್ದರೆ ಮುಟ್ಟಿದ ಕೂಡಲೇ ಅವನಿಗೆ ಗೊತ್ತಾಗುತ್ತಿತ್ತು.

“ಹೊರಗಿನ ಕಡಾಣಿ ಅವರ ಸೊಂಟದಲ್ಲಿದೆ, ನೋಡಿಸಿ ಬುದ್ಧಿ,” ಎಂದಳು.

ಕಾವಲಿನವನು ಸೊಂಟಕ್ಕೆ ಕೈಹಾಕುವ ಮೊದಲೇ ಕಡಾಣಿ ಜಾರಿ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಊರವರೆಲ್ಲ ನೋಡುತ್ತಿದ್ದರು.

ರಾಜನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಮೂರೂ ಶಾಲು ಹೊದಿಸಿದ ಕೈ ಅವನದೇ ತಾನೇ? ಶಿಕ್ಷೆ ನೀನೇ ಹೇಳು ಎಂದು ಸಂಕವ್ವನಿಗೆ ಬಿಟ್ಟ.

ಗೌರವ್ವನ ಕಾಲು ಕೂಡುವ ತನಕ ಅವಳ ಮನೆಗೆ ಇವರು ಹೊಳೆಯಿಂದ ನೀರು ಹೊರಲಿ ಎಂದಳು ಸಂಕವ್ವ. ಆಮೇಲೆ ಮುದ್ದರಸನತ್ತ ತಿರುಗಿ, “ಅದು ಮುಗಿದ ಮೇಲೆ ಬಂದು ಹೊಸಬರ ಸಾಲಲ್ಲಿ ಕೂತ್ಕೊಳ್ಳಿ ಅಯ್ಯಾ. ಮೊದಲಿಂದ ಹೇಳಿಕೊಡ್ತೀವಿ. ನಿಮ್ಮ ವಯಸ್ಸಲ್ಲೇ ನಾನೂ ಕಲಿತದ್ದು,” ಎಂದಳು.

ನೀರೇನೋ ಹೊತ್ತ. ರಾಜಾಜ್ಞೆ, ಹೊರದೆ ದಾರಿಯಿರಲಿಲ್ಲ. ನಾಲ್ಕು ತಿಂಗಳು ಗೌರವ್ವನ ಬಾಯಲ್ಲಿ ಬೈಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದ. ಅದು ಮುಗಿದ ದಿನ ಯಂತ್ರಶಾಲೆಯ ಬಾಗಿಲವರೆಗೆ ಬಂದು ನಿಂತ. ಒಳಗೆ ಇಪ್ಪತ್ತರ ಹರೆಯದವರ ಸಾಲು, ಸಾಲಿನ ತುದಿಯಲ್ಲಿ ಅವನಿಗಾಗಿ ಹಾಕಿದ ಒಂದು ಮಣೆ. ಕೂತಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಕೂರಲಿಲ್ಲ. ಇಂಥ ಚಿಳ್ಳೆಪಿಳ್ಳೆಗಳ ಜೊತೆಗಾ ಎಂದು ಮೂಗು ಮುರಿದು ಕೋಟೆ ಬಿಟ್ಟು ಹೊರಟ.

ಪಕ್ಕದ ಸೀಮೆಯಲ್ಲೂ ಒಂದು ಯಂತ್ರಶಾಲೆ ಇತ್ತು. ಬಾಗಿಲಲ್ಲಿ ಕೆಲಸ ಕೇಳಿ ಬಂದವರ ಸಾಲು. ಮುದ್ದರಸನ ಸರದಿ ಬಂದಾಗ ಬಾಗಿಲ ಕಾಯುವವನು ಏನು ಬರುತ್ತದೆ ಎಂದು ಕೇಳಿದ. ಮುದ್ದರಸ ಗಂಟಲು ಸರಿಮಾಡಿಕೊಂಡು ಮೂರೂ ಬಿರುದು ರಾಗವಾಗಿ ಹೇಳಿದ.

ಬಾಗಿಲ ಕಾಯುವವನು ಪೂರ್ತಿ ಕೇಳಿಸಿಕೊಂಡು, “ಅದು ನಿಮ್ಮ ಹೆಸರಾಯ್ತು ಸ್ವಾಮಿ. ಕೆಲಸ ಏನು ಬರುತ್ತೆ?” ಎಂದ.

ಮುದ್ದರಸ ಬಿರುದುಗಳನ್ನು ಮತ್ತೆ ಮೊದಲಿಂದ ಶುರುಮಾಡಿದ. ಅವು ಮುಗಿಯುವುದರೊಳಗೆ ಬಾಗಿಲ ಕಾಯುವವನು ಹಿಂದಿದ್ದ ಹೆಂಗಸನ್ನು ಮುಂದೆ ಬಾ ತಾಯಿ ಎಂದು ಕರೆದ.

ಈಗ ನೀತಿ ಕೇಳಿ, ಸುತ್ತಿ ಬಳಸಿ ಹೇಳುವುದಿಲ್ಲ. ನಾಳೆ ನೀವು ಯಾವ ಯಂತ್ರದ ಮುಂದೆ ಕೂತರೂ, ಅದು ನೀರೆತ್ತುವುದಿರಲಿ, ಲೆಕ್ಕ ಮಾಡುವುದಿರಲಿ, ಮನುಷ್ಯರ ಹಾಗೆ ಮಾತಾಡುವುದೇ ಇರಲಿ, ಅದು ನಿಮ್ಮ ಆಯುಷ್ಯದಷ್ಟು ಬಾಳುವುದಿಲ್ಲ. ಅದು ಹೋಗಿ ಇನ್ನೊಂದು ಬರುತ್ತದೆ. ಗೊತ್ತಿಲ್ಲ ಎನ್ನಲು ನಾಚದೆ ಕಲಿತವರು, ಕಲಿತದ್ದನ್ನು ಬಚ್ಚಿಡದೆ ಕಲಿಸಿದವರು ಎಲ್ಲ ಯಂತ್ರಗಳ ಕಾಲದಲ್ಲೂ ಬಾಳುತ್ತಾರೆ. ಬಿರುದು ಹೊದ್ದು ಕೂತವರು ಒಂದೇ ಯಂತ್ರದ ಜೊತೆ ತುಕ್ಕು ಹಿಡಿಯುತ್ತಾರೆ. ಇಷ್ಟೇ ಕಥೆ. ಏಳಿ, ಊಟಕ್ಕೆ ಹೊತ್ತಾಯಿತು.